ತೂಕದ ಕೊಠಡಿಯ ಬೋರ್ಡಿನ ಬಗ್ಗೆ, ಆ ಬೋರ್ಡಿಗೆ ಕಾರಣನಾದವನಿಂದ

ನಗರಸಭೆಯ ವ್ಯಾಯಾಮಶಾಲೆಗೆ ಯಂತ್ರ, ಬೀಗ, ನಿಯಮ ಮೂರನ್ನೂ ಕರುಣಿಸಿರುವ ಆರೋಗ್ಯ ವಿಭಾಗದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಿಮ್ಮ ವ್ಯಾಯಾಮಶಾಲೆಯಲ್ಲಿ ತೂಕದ ಕೊಠಡಿ ಎಂದೊಂದಿದೆ. ಅದರ ಬಾಗಿಲಿಗೆ ಒಂದು ಬೋರ್ಡು ಹೊಡೆಸಿದ್ದೀರಿ. ‘ಅರವತ್ತು ವರ್ಷ ಮೀರಿದವರಿಗೆ ಪ್ರವೇಶವಿಲ್ಲ. ಹಿರಿಯರು ಹೊರಗಿನ ಹಾದಿಯಲ್ಲಿ ನಡೆದಾಡಿ ಆರೋಗ್ಯ ಕಾಪಾಡಿಕೊಳ್ಳುವುದು’ ಎಂದು ಕೆಂಪು ಅಕ್ಷರದಲ್ಲಿ ಬರೆದಿದೆ. ಆ ಬೋರ್ಡಿನ ದೆಸೆಯಿಂದ ಕಳೆದ ತಿಂಗಳು ಅರವತ್ತಾರು ವರ್ಷದ ನನ್ನ ಹೆಂಡತಿಯನ್ನು ಹೊಸ್ತಿಲಲ್ಲೇ ತಡೆದು ಹಿಂದಕ್ಕೆ ಕಳಿಸಲಾಯಿತು. ಆ ಬೋರ್ಡನ್ನು ಇಳಿಸಬೇಕು ಎಂಬುದೇ ಈ ಪತ್ರದ ಒಟ್ಟು ಸಾರ. ‘ಇದನ್ನು ಕೇಳೋಕೆ ನೀನ್ಯಾರಯ್ಯ?’ ಎಂದು ತಾವು ಹುಬ್ಬೇರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ: ಆ ಬೋರ್ಡು ಅಲ್ಲಿಗೆ ಬಂದದ್ದೇ ನನ್ನಿಂದ. ನಾನೊಬ್ಬ ಮಾಡಿದ ಘನಕಾರ್ಯಕ್ಕೆ ತಾವು ಊರಿನ ಸಮಸ್ತ ಮುದುಕರನ್ನೂ ಮುದುಕಿಯರನ್ನೂ ಹೊರಗೆ ನಿಲ್ಲಿಸಿದ್ದೀರಿ. ಇಷ್ಟು ದೊಡ್ಡ ಸನ್ಮಾನವನ್ನು ಈವರೆಗೆ ಯಾರೂ ನನಗೆ ಮಾಡಿರಲಿಲ್ಲ. ಆದರೂ ಬೇಡ, ವಾಪಸ್ ತೆಗೆದುಕೊಳ್ಳಿ.

ನನಗೀಗ ಅರವತ್ತೊಂಬತ್ತು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಎಂಟನೆಯದಕ್ಕೆ ಅಲ್ಲಿ ಮೇಷ್ಟ್ರೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಆದ್ದರಿಂದ ನನ್ನ ವಿದ್ಯೆ ಸಂಪೂರ್ಣವಾಯಿತೆಂದು ನಾನೇ ತೀರ್ಮಾನಿಸಿದೆ. ಪಟ್ಟಣಕ್ಕೆ ಬಂದು ಅಂಗಡಿಗಳ ಶಟರ್ ರಿಪೇರಿ ಕಲಿತು ನಲವತ್ತೊಂದು ವರ್ಷ ಅದನ್ನೇ ಮಾಡಿದೆ. ಮುಖ್ಯ ಬೀದಿಯ ಯಾವ ಅಂಗಡಿಯವರನ್ನಾದರೂ ಕೇಳಿ, ‘ಶಟರ್ ಮಾವ’ ಎಂದರೆ ಸಾಕು. ಇಬ್ಬರು ಗಂಡಸರು ಹೆಗಲು ಕೊಟ್ಟರೂ ಅಲುಗಾಡದ ಶಟರನ್ನು ಎರಡೇ ಬೆರಳಿನಲ್ಲಿ ಸರ್ರನೆ ಮೇಲಕ್ಕೆ ಕಳಿಸಿದವನು ನಾನು. ಬೀದಿಯ ಹೆಂಗಸರು ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ನಾನೂ ಅಂಗಿಯ ತೋಳನ್ನು ಅಗತ್ಯಕ್ಕಿಂತ ಎರಡು ಮಡಿಕೆ ಹೆಚ್ಚೇ ಮಡಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ವ್ಯಾಯಾಮಶಾಲೆಯ ಉದ್ಘಾಟನೆಯ ದಿನ ನಿಮ್ಮ ಶಟರ್ ಕೈಕೊಟ್ಟಿತು. ಆಗ ತಾವು ಈ ಕುರ್ಚಿಗೆ ಬಂದಿರಲಿಲ್ಲ, ತಮ್ಮ ಹಿಂದಿನವರಿದ್ದರು. ಗಣ್ಯರೆಲ್ಲ ಹಾರ ಹಾಕಿಸಿಕೊಂಡು ಬಿಸಿಲಿನಲ್ಲಿ ನಿಂತಿದ್ದಾರೆ, ಕತ್ತರಿ ತಟ್ಟೆಯಲ್ಲಿದೆ, ಬಾಗಿಲು ಮಾತ್ರ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿದೆ. ಯಾರೋ ಓಡಿಬಂದು ನನ್ನನ್ನು ಕರೆದೊಯ್ದರು. ಶಟರ್ ಓಡಾಡುವ ಪಕ್ಕದ ಹಳಿಯಿಂದ ಒಂದು ಪಟ್ಟಿ ಜಾರಿತ್ತು. ಏಣಿ ಹತ್ತಿ ಅದನ್ನು ಕೂರಿಸಿದೆ, ಇಳಿದೆ, ಎರಡು ಬೆರಳು ಹಚ್ಚಿದೆ. ಸರ್ರ್! ಚಪ್ಪಾಳೆಯೋ ಚಪ್ಪಾಳೆ. ನನ್ನ ಕೊರಳಿಗೂ ಒಂದು ಹಾರ ಬಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮಾನ್ಯರೇ, ಚಪ್ಪಾಳೆ ಬಿದ್ದ ಮೇಲೆ ನಿಲ್ಲಿಸಿದ ಗಂಡಸನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಒಳಗೆ ಹೋದೆ. ನೆಲದ ಮೇಲೆ ಎರಡು ಕಡೆಯೂ ಕಬ್ಬಿಣದ ಬಿಲ್ಲೆ ಹಾಕಿದ ಸರಳೊಂದು ಬಿದ್ದಿತ್ತು. ‘ಇದೆಷ್ಟು?’ ಎಂದೆ. ‘ಎಪ್ಪತ್ತು ಕಿಲೋ ಸಾರ್, ಅದು ಕಲಿತವರಿಗೆ’ ಎಂದ ತರಬೇತುದಾರ. ಕಲಿತವರಿಗೆ! ಏಳನೇ ಕ್ಲಾಸಿನವನನ್ನು ಇದಕ್ಕಿಂತ ಕೆರಳಿಸುವ ಮಾತು ಇನ್ನೊಂದುಂಟೇ? ಬಗ್ಗಿದೆ, ಹಿಡಿದೆ, ಎಳೆದೆ. ಸರಳು ಎರಡು ಬೆರಳಿನಷ್ಟು ಮೇಲೆದ್ದಿತು. ಅದು ಹಾಗೆಯೇ ಕೆಳಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಹಾರ ಹಾಕಿಕೊಂಡೇ ನೆಲದ ಮೇಲೆ ಕುಳಿತೆ. ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಉದ್ಘಾಟನೆಯ ಭಾಷಣವನ್ನು ಇಡೀ ಸಭೆಯಲ್ಲಿ ನಾನೊಬ್ಬನೇ ನೆಲದಿಂದ ಕೇಳಿದೆ.

ಮುಂದಿನ ವಾರ ಬೋರ್ಡು ಬಂತು. ನನಗೆ ಬೇಸರವಾಯಿತೆಂದು ತಿಳಿದಿರಾ? ಬೀಗಿಹೋದೆ. ‘ನಾನು ಎತ್ತಿದ ರಭಸಕ್ಕೆ ಹೆದರಿ ಕಾಯ್ದೆ ಮಾಡಿದ್ದಾರೆ’ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದೆ. ಮನೆಯಲ್ಲಿ ಮಾತ್ರ ಬೋರ್ಡಿನ ಸುದ್ದಿ ಬಿಟ್ಟು, ತಲೆಯ ಮೇಲಕ್ಕೆ ಎತ್ತಿದೆ ಎಂದಷ್ಟೇ ಹೇಳಿದೆ. ಆಮೇಲೆ ತಮ್ಮ ನಿಯಮದ ಪ್ರಕಾರವೇ ಆರೋಗ್ಯ ಕಾಪಾಡಿಕೊಂಡೆ. ಹೊರಗಿನ ಹಾದಿಯಲ್ಲಿ ದಿನವೂ ಮೂರು ಸುತ್ತು, ನಂತರ ಬೆಂಚಿನಲ್ಲಿ ಗೆಳೆಯರೊಂದಿಗೆ ಟೀ ಮತ್ತು ಬನ್ನು, ನಡುನಡುವೆ ದೇಶದ ಸಮಸ್ಯೆಗಳ ಪರಿಹಾರ. ವರ್ಷಕ್ಕೊಮ್ಮೆ ತಾವು ನಡೆಸುವ ಹಿರಿಯರ ಆರೋಗ್ಯ ದಿನಕ್ಕೂ ತಪ್ಪದೆ ಬಂದೆ. ಅಲ್ಲಿ ಸಕ್ಕರೆಯ ಅಪಾಯದ ಬಗ್ಗೆ ಒಂದು ಗಂಟೆ ಭಾಷಣ ಮಾಡಿಸಿ, ಕೊನೆಗೆ ಸಿಹಿ ಟೀ, ಎರಡು ಸಿಹಿ ಬಿಸ್ಕತ್ತು ಕೊಟ್ಟಿರಿ. ಎರಡನ್ನೂ ಸ್ವೀಕರಿಸಿದೆ. ನಾನು ಸರ್ಕಾರಕ್ಕೆ ಎದುರಾಡುವವನಲ್ಲ.

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಪುಟಾಣಿಗಳು. ಇಪ್ಪತ್ತಾರು ವರ್ಷ ಈ ಕೋಣೆ ಒಂದು ದಿನವೂ ಸದ್ದಡಗಿದ್ದಿಲ್ಲ. ನಾನು ಶಟರ್ ಎತ್ತಿದ ಕಥೆ ಊರಿಗೆಲ್ಲ ಗೊತ್ತು. ಅವಳು ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂತು, ಎದ್ದು, ಮಗು ಎತ್ತಿ, ಇಳಿಸಿ, ಮತ್ತೆ ಕೂತಳು ಎಂಬುದನ್ನು ಯಾರೂ ಹೇಳಿಕೊಂಡು ತಿರುಗಲಿಲ್ಲ. ಅವಳಂತೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾತಾಡುವ ಖಾತೆ ನನ್ನದಾಗಿತ್ತು.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಏಳೂವರೆ. ಮೊದಲ ಮಗು ಬರುವ ಹೊತ್ತು. ಅವಳು ಚಾಪೆ ಹಾಸಲು ನೆಲಕ್ಕೆ ಕೂತವಳು ಏಳಲು ಹೋದಳು. ಆಗಲಿಲ್ಲ. ಬೀಳಲಿಲ್ಲ ಮಾನ್ಯರೇ, ಜಾರಲಿಲ್ಲ, ಮೂಳೆ ಮುರಿಯಲಿಲ್ಲ. ಸುಮ್ಮನೆ ಏಳಲಾಗಲಿಲ್ಲ. ‘ರೀ, ಸ್ವಲ್ಪ ಬನ್ನಿ ಇಲ್ಲಿ’ ಎಂದಳು. ಹೋದೆ. ತೋಳು ಮಡಿಸಿಕೊಂಡೇ ಹೋದೆ. ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅವಳು ಅರ್ಧ ಗೇಣು ಎದ್ದಳು, ನನ್ನ ಮೊಣಕಾಲು ಸಡಿಲವಾಯಿತು. ಈಗ ಇಬ್ಬರೂ ನೆಲದ ಮೇಲೆ. ಸುತ್ತಲೂ ಮರದ ಆನೆ, ಚೆಂಡು, ಬಣ್ಣದ ಇಟ್ಟಿಗೆಗಳು.

‘ಎದ್ದೇಳಿ ಮೊದ್ಲು ನೀವು’ ಎಂದಳು.

‘ಏಳ್ತೀನಿ ತಡಿ, ಏನವಸರ?’ ಎಂದೆ.

‘ಏಳೋಕಾಗಲ್ಲ ಅಂತ ಹೇಳ್ರಿ.’

‘ನಿನ್ ಜೊತೆ ಸ್ವಲ್ಪ ಕೂತ್ಕೊಳ್ಳೋಣ ಅಂತ.’

‘ನಲವತ್ತು ವರ್ಷದಲ್ಲಿ ಇವತ್ತೇ ನೆನಪಾಯ್ತಾ?’

ಹೀಗೆ ನಾವು ಸಂಸಾರ ಮಾಡುತ್ತಿರುವಾಗ ಮೊದಲ ಮಗುವಿನ ತಾಯಿ ಬಾಗಿಲಲ್ಲಿ ನಿಂತಳು. ಅವಳು ಬಸ್ ಕಂಡಕ್ಟರು. ತುಂಬಿದ ಬಸ್ಸನ್ನೇ ಒಂದು ಶಿಳ್ಳೆಯಲ್ಲಿ ನಿಭಾಯಿಸುವವಳಿಗೆ ನಾವಿಬ್ಬರು ಯಾವ ಲೆಕ್ಕ? ‘ಏನಾಂಟಿ, ಅಂಕಲ್‌ನೂ ಸೇರಿಸ್ಕೊಂಡ್ರಾ ಇವತ್ತಿಂದ?’ ಎಂದವಳು ನಮ್ಮ ಮುಖ ನೋಡಿ ಒಳಗೆ ಬಂದಳು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಕುರ್ಚಿ ಎಳೆದು ತಂದಳು. ‘ಆಂಟಿ, ಪಕ್ಕಕ್ಕೆ ತಿರುಗಿ. ಮಂಡಿ ಊರಿ. ಕುರ್ಚಿ ಹಿಡ್ಕೊಳ್ಳಿ. ಹಾಂ, ಈಗ ಮೇಲೆ ಬನ್ನಿ, ಮೇಲೆ ಬನ್ನಿ!’ ಎಂದು ಬಸ್ಸಿಗೆ ಹತ್ತಿಸಿದ ಹಾಗೆಯೇ ಹತ್ತಿಸಿದಳು. ನಂತರ ನನ್ನ ಸರದಿ. ಮಗು ನನ್ನನ್ನು ನೋಡಿ ಕೈ ತಟ್ಟಿತು. ಎಂಥ ಚಪ್ಪಾಳೆ ಅಂತೀರಾ.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ತಾಯಂದಿರು ಒಳ್ಳೆಯವರು, ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬಳ ಅಮ್ಮ ಊರಿನಿಂದ ಬಂದರು, ಇನ್ನೊಬ್ಬಳ ಕಚೇರಿ ಹತ್ತಿರವೇ ಶಿಶುವಿಹಾರ ಸಿಕ್ಕಿತು. ಏಳು ಮಕ್ಕಳಲ್ಲಿ ಆರು ಹೀಗೆ ನಯವಾಗಿ ಹೋದವು. ಕಂಡಕ್ಟರಮ್ಮ ಮಾತ್ರ ಎದುರಿಗೆ ಕೂತು ಹೇಳಿದಳು: ‘ಆಂಟಿ, ಇವನು ನಿಮ್ಮನ್ನ ಬಿಟ್ಟು ಯಾರ ಹತ್ರಾನೂ ಇರಲ್ಲ. ಆದ್ರೆ ಇವನು ಬಿದ್ರೆ ನೀವು ಎತ್ಕೋಬೇಕಲ್ವಾ? ನಮ್ಮತ್ತೆ ಬಂದು ಐದು ತಿಂಗಳು ಇರ್ತಾರೆ. ಅಷ್ಟರೊಳಗೆ ನೀವು ಎದ್ದು ನಿಂತ್ರೆ ಇವನು ವಾಪಸ್ ನಿಮ್ಮವನೇ.’ ನನ್ನ ಹೆಂಡತಿ ತಲೆಯಾಡಿಸಿದಳು. ಕಂಡಕ್ಟರಮ್ಮ ಹೋದ ಮೇಲೆ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದಳು. ನಿಂತೇ ಸುತ್ತಿದಳು, ಒಂದು ಕೋಲಿನಿಂದ ತಳ್ಳಿ ತಳ್ಳಿ.

ನನ್ನ ತಂಗಿಯ ಮಗಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಬಾಯಿ ನನ್ನ ಕಡೆಯದು, ಬುದ್ಧಿ ಅವಳ ಅಪ್ಪನ ಕಡೆಯದು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಲೆಕ್ಕ ಹಾಕಿದಳು. ನಾನು ಮೊದಲೇ ‘ಮೂವತ್ತು ಬರ್ಕೋ’ ಎಂದೆ. ನನ್ನ ಹೆಂಡತಿ ಮೂರು ಸಲ ಎದ್ದಳು. ನಾನು ಏಳು.

‘ಮಾವ, ಮೂವತ್ತರಲ್ಲಿ ಏಳು ಬಂತು. ಮಿಕ್ಕಿದ್ದು ಮನೇಲಿ ಬಿಟ್ಟು ಬಂದ್ರಾ?’

‘ಈ ಕುರ್ಚಿ ತಗ್ಗಿದೆ’ ಎಂದೆ.

‘ಕುರ್ಚಿ ಎಲ್ಲರಿಗೂ ಒಂದೇ ಮಾವ. ಸುಮ್ನಿರಿ. ಅತ್ತೆ, ನೀವು ಬೆಳಿಗ್ಗೆ ಏನ್ ತಿಂತೀರಾ?’

‘ಟೀ. ಒಂದು ಬ್ರೆಡ್ಡು.’

‘ಮಧ್ಯಾಹ್ನ?’

‘ಅನ್ನ, ತರಕಾರಿ.’

‘ಬೇಳೆ, ಮೊಸರು, ಮೊಟ್ಟೆ, ಮೀನು, ಏನಾದ್ರೂ?’

‘ಮಿಕ್ಕಿದ್ರೆ.’

‘ಯಾರು ಮಿಗಿಸ್ಬೇಕು?’

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಮಾನ್ಯರೇ, ತಂಗಿಯ ಮಗಳು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಮ್ಮ ವೈದ್ಯರು ತಿದ್ದಲಿ. ವಯಸ್ಸಾದಂತೆ ಮಾಂಸಖಂಡ ತಾನಾಗಿ ಕರಗುತ್ತಾ ಹೋಗುತ್ತದೆ. ಯಾರಿಗೂ ಹೇಳದೆ, ಕೇಳದೆ. ಅದನ್ನು ಹಿಡಿದಿಡಲು ಎರಡೇ ದಾರಿ, ಎರಡೂ ಒಟ್ಟಿಗೆ ಬೇಕು. ಒಂದು, ಪ್ರತಿ ಊಟದಲ್ಲೂ ಪ್ರೋಟೀನು. ಹಗಲೆಲ್ಲ ಟೀ ಕುಡಿದು ಒಂದು ಹೊತ್ತಿಗೆ ಮಾತ್ರ ತಿಂದರೆ ಸಾಲದು, ಮೂರು ಹೊತ್ತಿಗೂ ಹಂಚಬೇಕು. ಮುದುಕರಿಗೆ ಕಡಿಮೆ ಸಾಕು ಎಂಬುದು ತಪ್ಪು, ಅವರಿಗೇ ಹೆಚ್ಚು ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಎರಡನೆಯದು, ವಾರಕ್ಕೆರಡು ದಿನವಾದರೂ ಸ್ನಾಯುವಿಗೆ ಭಾರದ ಕೆಲಸ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ. ನಡೆದಾಟ ಎದೆಗೂ ಮನಸ್ಸಿಗೂ ಒಳ್ಳೆಯದು, ಬಿಡಬೇಡಿ ಎಂದಳು. ಆದರೆ ನೆಲದಿಂದ ಏಳಿಸುವ ತೊಡೆಗೆ ಅದೊಂದೇ ಸಾಲದು. ‘ನಡ್ಕೊಂಡು ಹೋದ್ರೆ ದೂರ ಹೋಗ್ತೀರಾ ಮಾವ, ಮೇಲೆ ಏಳಲ್ಲ’ ಎಂದಳು. ನಿಮ್ಮ ಬೋರ್ಡಿನ ಎರಡನೇ ಸಾಲಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆಯುತ್ತಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಎರಡು ದಿನ ನಾನು ಮಾತು ಕಡಿಮೆ ಮಾಡಿದೆ. ಬೀದಿಯಲ್ಲಿ ಕೆಲವರು ಜ್ವರವೇ ಎಂದು ವಿಚಾರಿಸಿದರು. ಜ್ವರವಲ್ಲ, ಮೊಟ್ಟೆ. ಮದುವೆಯಾದ ಹೊಸತರಲ್ಲಿ ನಾನೇ ಹೇಳಿದ್ದೆ: ಭಾರ ಎತ್ತುವ ಗಂಡಸು, ನನಗೆ ಮೊಟ್ಟೆ ತಪ್ಪಬಾರದು ಎಂದು. ಅಂದಿನಿಂದ ಮನೆಗೆ ಬಂದ ಮೊಟ್ಟೆಯೆಲ್ಲ ನನ್ನ ತಟ್ಟೆಗೆ. ಮೊಸರಿನ ಗಟ್ಟಿ ನನಗೆ, ನೀರು ಅವಳಿಗೆ. ಬೇಳೆಯ ತಳ ನನಗೆ, ತಿಳಿ ಅವಳಿಗೆ. ಇದೆಲ್ಲ ಯಾವ ಭಾರಕ್ಕೆ? ಈಗ ನನ್ನ ಕಸುಬಿನ ಗುಟ್ಟನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ, ಶಟರ್ ಕೆಲಸದವರು ಕ್ಷಮಿಸಲಿ. ಶಟರನ್ನು ಎತ್ತುವವನು ಮನುಷ್ಯನಲ್ಲ. ಮೇಲಿನ ಪೆಟ್ಟಿಗೆಯೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಶಟರ್ ಇಳಿಯುವಾಗ ಅದು ಬಿಗಿಯುತ್ತದೆ, ಏರುವಾಗ ಬಿಚ್ಚಿಕೊಂಡು ಇಡೀ ಭಾರವನ್ನು ತಾನೇ ಹೊರುತ್ತದೆ. ಅದು ಸಡಿಲವಾದಾಗ ಜನ ನನ್ನನ್ನು ಕರೆಯುತ್ತಿದ್ದರು. ನಾನು ಏಣಿ ಹತ್ತಿ, ಅದನ್ನು ಎರಡು ಸುತ್ತು ಬಿಗಿದು, ಗ್ರೀಸ್ ಹಚ್ಚಿ, ಇಳಿದು ಬಂದು, ಎರಡು ಬೆರಳಿನ ನಾಟಕ ಆಡುತ್ತಿದ್ದೆ. ಅಂಗಡಿಯವನು ತಾನೂ ಒಂದು ಬೆರಳಿನಲ್ಲಿ ಎತ್ತಿ ನೋಡಿ ಕಣ್ಣರಳಿಸಿದರೆ, ‘ಈಗ ಬಿಡಿ, ಅದು ನನಗೆ ಹೆದರ್ಕೊಂಡಿದೆ’ ಎನ್ನುತ್ತಿದ್ದೆ. ವರ್ಷಗಟ್ಟಲೆ ಹೇಳಿ ಹೇಳಿ ನಾನೇ ನಂಬಿಬಿಟ್ಟೆ. ನಿಮ್ಮ ಎಪ್ಪತ್ತು ಕಿಲೋದ ಸರಳಿಗೆ ಸ್ಪ್ರಿಂಗ್ ಇರಲಿಲ್ಲ. ನನ್ನ ಹೆಂಡತಿಗೂ ಇರಲಿಲ್ಲ.

ಮೂರನೇ ದಿನ ಅವಳ ಮುಂದೆ ಕೂತು ಹೇಳಿಬಿಟ್ಟೆ. ‘ನೋಡೇ, ಆ ಶಟರೆಲ್ಲ ನಾನು ಎತ್ತಿದ್ದಲ್ಲ. ಸ್ಪ್ರಿಂಗು.’

ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ‘ಗೊತ್ತು.’

‘ಯಾವಾಗಿಂದ?’

‘ಮದುವೆಯಾದ ವರ್ಷಾನೇ. ಬಟ್ಟೆ ಅಂಗಡಿ ಹತ್ರ ನಿಮಗೆ ಊಟ ತಂದಿದ್ದೆ. ನೀವು ಟೀ ಕುಡಿಯೋಕೆ ಹೋಗಿದ್ರಿ. ಶಟರ್ ಅಡ್ಡ ಇತ್ತು, ಎತ್ತಿ ಒಳಗೆ ಹೋದೆ. ಒಂದು ಕೈಯಲ್ಲಿ ಊಟದ ಡಬ್ಬಿ ಇತ್ತು.’

‘ಮತ್ತೆ ಮೊಟ್ಟೆ ಯಾಕೆ ಹಾಕ್ತಿದ್ದೆ?’

‘ತಿನ್ನೋವಾಗ ಮಾತಾಡ್ತಿರ್ಲಿಲ್ವಲ್ಲ.’

ಅವಳು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಮಡಿಸಿದ ಬಟ್ಟೆಯ ರಾಶಿಯನ್ನು ಎತ್ತಿ ಕಪಾಟಿಗೆ ಇಡಲು ಅವಳು ಮೇಜಿಗೆ ಕೈ ಊರಿ, ಒಮ್ಮೆ ಹಿಂದೆ ಮುಂದೆ ತೂಗಿ, ಎರಡನೇ ಪ್ರಯತ್ನಕ್ಕೆ ಎದ್ದಳು. ಆಗ ನನಗೆ ನಗು ಬರಲಿಲ್ಲ.

ಅಂದಿನಿಂದ ನಮ್ಮ ಮನೆಯ ಆಡಳಿತ ಬದಲಾಗಿದೆ. ಬೆಳಿಗ್ಗೆ ಇಬ್ಬರಿಗೂ ಮೊಟ್ಟೆ, ಮೊದಲು ಅವಳ ತಟ್ಟೆಗೆ. ಮಧ್ಯಾಹ್ನ ಗಟ್ಟಿ ಬೇಳೆ, ಸಂಜೆ ಬನ್ನಿನ ಬದಲು ಬೇಯಿಸಿದ ಕಡಲೆ, ರಾತ್ರಿ ಮೊಸರು ಇಲ್ಲವೇ ಮೀನು. ಬಡಿಸುವ ಸೌಟು ನನ್ನ ಕೈಯಲ್ಲಿದೆ. ಅವಳ ಕೈಗೆ ಕೊಟ್ಟರೆ ಅಭ್ಯಾಸಬಲದಿಂದ ನನ್ನ ತಟ್ಟೆಗೇ ಸುರಿಯುತ್ತಾಳೆ. ನಾನು ನೀರು ತುಂಬಿದ ಡಬ್ಬಿಗಳನ್ನು ಎತ್ತಿ ಇಳಿಸುತ್ತೇನೆ, ಕುರ್ಚಿಯಿಂದ ಎದ್ದು ಕೂರುತ್ತೇನೆ. ಏಳು ಇದ್ದದ್ದು ಹನ್ನೊಂದಾಗಿದೆ. ಅವಳದ್ದು ಮೂರರಿಂದ ನಾಲ್ಕಕ್ಕೆ ಬಂದು ನಿಂತಿದೆ. ತಂಗಿಯ ಮಗಳು ಕಾರಣ ಹೇಳಿದಳು: ‘ಅತ್ತೆಗೆ ಕುರ್ಚಿಯಿಂದ ಏಳೋದು ಅಂದ್ರೆ ಪೂರ್ತಿ ಮೈಭಾರ ಎತ್ತಿದ ಹಾಗೆ. ಅವರ ತೊಡೆಗೆ ಈಗ ಅದು ಜಾಸ್ತಿ. ಕಡಿಮೆಯಿಂದ ಶುರು ಮಾಡ್ಬೇಕು. ಕೂತ್ಕೊಂಡು ಕಾಲಲ್ಲಿ ತಳ್ಳೋ ಯಂತ್ರ ಇರುತ್ತಲ್ಲ, ಅದ್ರಲ್ಲಿ ಹತ್ತು ಕಿಲೋದಿಂದ ಹಿಡಿದು ನಿಧಾನಕ್ಕೆ ಏರಿಸ್ಬಹುದು. ನಮ್ಮ ಆಸ್ಪತ್ರೇಲಿ ಇಲ್ಲ ಮಾವ. ನಗರಸಭೆ ವ್ಯಾಯಾಮಶಾಲೇಲಿ ಇದೆ.’ ಮೂರು ಬೀದಿ ಆಚೆ! ನಾನೇ ಶಟರ್ ಎತ್ತಿದ ಕಟ್ಟಡ! ಅವಳ ಕೈಯಿಂದ ಚೀಟಿ ಬರೆಸಿಕೊಂಡು ಹೊರಟೇಬಿಟ್ಟೆವು. ಬೋರ್ಡಿನ ವಿಷಯ ನನಗೆ ನೆನಪಿತ್ತು. ಆದರೆ ನನ್ನ ಮುಖ ನೋಡಿದರೆ ಒಳಗೆ ಬಿಡುತ್ತಾರೆಂಬ ನಂಬಿಕೆಯೂ ಇತ್ತು. ಬುದ್ಧಿ ಬಂದಿದೆ ಎಂದು ನಾನೆಲ್ಲಿ ಬರೆದೆ?

ತಮ್ಮ ಕಾವಲುಗಾರ ಒಳ್ಳೆಯ ಮನುಷ್ಯ. ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದಿದ. ‘ಅಮ್ಮ, ನಿಮಗೆ ಹೊರಗೆ ಹಾದಿ ಇದೆಯಲ್ಲ, ಚೆನ್ನಾಗಿ ಗಾಳಿ ಬರುತ್ತೆ, ನಡೀರಿ’ ಎಂದ. ‘ನಡೆಯೋಕೆ ಬರುತ್ತಪ್ಪಾ, ಇಲ್ಲಿವರೆಗೂ ನಡ್ಕೊಂಡೇ ಬಂದೆ. ಏಳೋಕೆ ಬರಲ್ಲ’ ಎಂದಳು ನನ್ನ ಹೆಂಡತಿ. ‘ನೀವು ಒಳಗೆ ಬಂದು ಬಿದ್ರೆ ನನ್ನ ಕೆಲಸ ಹೋಗುತ್ತಮ್ಮ’ ಎಂದ. ‘ಮನೇಲಿ ಬಿದ್ರೆ ಯಾರ ಕೆಲಸ ಹೋಗುತ್ತೆ ಹೇಳು’ ಎಂದಳು. ಅವನು ಪಾಪ, ಬೋರ್ಡಿನ ಕಡೆ ಕೈ ತೋರಿಸಿದ. ಗಾಜಿನೊಳಗೆ ಆ ಯಂತ್ರ ಕಾಣುತ್ತಿತ್ತು. ಅದರ ಕುರ್ಚಿಯ ಮೇಲೆ ಯಾರೋ ಒದ್ದೆ ಟವೆಲು ಹರಡಿ ಒಣಗಲು ಹಾಕಿದ್ದರು.

ಅಲ್ಲಿಂದ ಸೀದಾ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಕೂರಿಸಿ, ನೀರು ಕೊಟ್ಟು, ಕಡತ ತೆಗೆದರು. ಈ ನಿಯಮಕ್ಕೆ ಕಾರಣವೇನೆಂದು ನನ್ನ ಹೆಂಡತಿಯೇ ಕೇಳಿದಳು. ಬೇಡ ಎಂದು ಕಾಲು ತುಳಿದೆ, ಅವಳು ಕಾಲು ಸರಿಸಿಕೊಂಡಳು. ಗುಮಾಸ್ತರು ಗಟ್ಟಿಯಾಗಿ ಓದಿದರು: ‘ಉದ್ಘಾಟನಾ ಸಮಾರಂಭದಲ್ಲಿ ಓರ್ವ ವಯೋವೃದ್ಧರು ಅತ್ಯುತ್ಸಾಹದಿಂದ ಅನಧಿಕೃತವಾಗಿ ಭಾರ ಎತ್ತಲು ಯತ್ನಿಸಿ ಕುಸಿದು, ಗಣ್ಯರ ಸಮ್ಮುಖದಲ್ಲಿ ಇಲಾಖೆಗೆ ಮುಜುಗರ ಉಂಟಾದ ಕಾರಣ.’ ಆಮೇಲೆ ಉತ್ಸಾಹದಿಂದ, ‘ಫೋಟೋನೂ ಇದೆ ನೋಡಿ’ ಎಂದರು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡಳು.

‘ಇದು ನೀವಲ್ವಾ?’

‘ಬೆಳಕು ಸರಿ ಇಲ್ಲ’ ಎಂದೆ.

‘ಹಾರ ಸರಿಯಾಗಿ ಕಾಣ್ತಿದೆ.’

ದಾರಿಯುದ್ದಕ್ಕೂ ಅವಳು ನನ್ನ ಮುಂದೆಯೇ ನಡೆದಳು. ಮನೆಯ ಬೀಗ ತೆಗೆದು, ಖಾಲಿ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು ಹೇಳಿದಳು: ‘ನನ್ನ ಪಾಲಿನ ಮೊಟ್ಟೆ ತಿಂದ್ರಿ, ಹೋಗ್ಲಿ. ನನ್ನ ಬಾಗಿಲನ್ನೂ ಮುಚ್ಚಿಸಿದ್ರಲ್ಲ.’ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರಾಗಿ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಆದ್ದರಿಂದ ಈ ಪತ್ರ. ನನ್ನ ತಪ್ಪನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದೇನೆ. ಈಗ ತಮ್ಮದನ್ನು ಸ್ವಲ್ಪ ನೋಡೋಣವೇ? ಮೆಟ್ಟಿಲಿನ ಮೇಲೆ ಒಬ್ಬ ಕುಣಿದು ಬಿದ್ದರೆ ಅವನನ್ನು ಬೈಯುತ್ತೀರೋ, ಮೆಟ್ಟಿಲನ್ನೇ ಕಿತ್ತುಹಾಕುತ್ತೀರೋ? ಐವತ್ತೊಂಬತ್ತು ವರ್ಷ ಮುನ್ನೂರ ಅರವತ್ತನಾಲ್ಕು ದಿನದವರೆಗೆ ಗಟ್ಟಿಯಿದ್ದ ತೊಡೆ ಮಾರನೆಯ ಬೆಳಿಗ್ಗೆ ತಮ್ಮ ಕಚೇರಿಗೆ ರಾಜೀನಾಮೆ ಬರೆದುಕೊಡುತ್ತದೆಯೇ? ಆ ಕೊಠಡಿಯಲ್ಲಿ ಕನ್ನಡಿಗೆ ಮುಖ ಮಾಡಿ ನಿಲ್ಲುವ ಇಪ್ಪತ್ತರ ಹುಡುಗರನ್ನು ನೋಡಿದ್ದೇನೆ. ಅವರಿಗೆ ಭಾರ ಅಲಂಕಾರಕ್ಕೆ ಬೇಕು. ತಪ್ಪಲ್ಲ, ನಾನೂ ತೋಳು ಮಡಿಸಿದವನೇ. ನನ್ನ ಹೆಂಡತಿಗೆ ಅದು ನೆಲದಿಂದ ಮೇಲೇಳಲು ಬೇಕು. ಬೇಕಾದವರನ್ನು ಹೊರಗಿಟ್ಟು, ಬೇಡದವರಿಗೆ ಬೀಗದ ಕೈ ಕೊಟ್ಟಿದ್ದೀರಿ. ತಮಗೂ ಐವತ್ತೆಂಟಾಯಿತೆಂದು ಗುಮಾಸ್ತರು ಹೇಳಿದರು. ಒಂದು ಕೆಲಸ ಮಾಡಿ. ಈ ಪತ್ರವನ್ನು ಮೇಜಿನ ಮೇಲಿಡಿ. ಬಾಗಿಲು ಹಾಕಿಕೊಳ್ಳಿ. ಕೈಗಳನ್ನು ಎದೆಯ ಮೇಲೆ ಕಟ್ಟಿ, ಆ ದೊಡ್ಡ ಕುರ್ಚಿಯಿಂದ ಎದ್ದು ಕೂತು ಅರ್ಧ ನಿಮಿಷ ಲೆಕ್ಕ ಹಾಕಿ. ಎಷ್ಟು ಬಂತೆಂದು ನನಗೆ ಹೇಳಬೇಕಾಗಿಲ್ಲ. ತಮ್ಮ ಮನೆಯವರ ತಟ್ಟೆಯಲ್ಲಿ ಏನಿದೆ ಎಂಬುದನ್ನು ಮಾತ್ರ ಸಂಜೆ ಹೋಗಿ ಒಮ್ಮೆ ನೋಡಿ.

ನನ್ನ ಬೇಡಿಕೆ ಸಣ್ಣದು. ಬೋರ್ಡನ್ನು ಇಳಿಸಿ. ವಯಸ್ಸನ್ನು ನೋಡಿ ತಡೆಯುವ ಬದಲು ವೈದ್ಯರದ್ದೋ ಫಿಸಿಯೋದವರದ್ದೋ ಚೀಟಿ ನೋಡಿ ಒಳಗೆ ಬಿಡಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳರಿಂದ ಎಂಟು ಹಿರಿಯರಿಗೆಂದು ಇಡಿ. ಆ ಹೊತ್ತಿನಲ್ಲಿ ತರಬೇತುದಾರ ಫೋನು ನೋಡುವುದನ್ನು ಬಿಟ್ಟು ಅವರ ಪಕ್ಕದಲ್ಲಿ ನಿಲ್ಲಲಿ. ಮುಂದಿನ ಆರೋಗ್ಯ ದಿನಕ್ಕೆ ಬಿಸ್ಕತ್ತಿನ ಬದಲು ಒಂದು ಬೇಯಿಸಿದ ಮೊಟ್ಟೆ, ಒಲ್ಲದವರಿಗೆ ಒಂದು ಹಿಡಿ ಕಡಲೆ ಕೊಡಿ. ಭಾಷಣ ತಾನಾಗಿಯೇ ಅರ್ಧವಾಗುತ್ತದೆ. ಇಷ್ಟಾದ ಮೇಲೂ ಇಲಾಖೆಗೆ ಮತ್ತೆ ಮುಜುಗರವಾದೀತೆಂಬ ಅಂಜಿಕೆ ಇದ್ದರೆ ಅದಕ್ಕೂ ದಾರಿಯಿದೆ. ಹೊಸ ಬೋರ್ಡು ಬರೆಸಿ: ‘ಶಟರ್ ಮಾವನಿಗೆ ಪ್ರವೇಶವಿಲ್ಲ.’ ಕೆಂಪು ಅಕ್ಷರದಲ್ಲೇ ಇರಲಿ, ಆ ಫೋಟೋ ಬೇಕಾದರೂ ಅಂಟಿಸಿ. ನಾನೇ ಏಣಿ ತಂದು ಹೊಡೆದುಕೊಡುತ್ತೇನೆ. ನನ್ನ ಡಬ್ಬಿ, ನನ್ನ ಕುರ್ಚಿ ಮನೆಯಲ್ಲೇ ಇವೆ, ನನಗೆ ಸಾಕು. ಅವಳು ಒಳಗಿರುವಷ್ಟು ಹೊತ್ತು ಹೊರಗಿನ ಬೆಂಚಿನಲ್ಲಿ ಅವಳ ಚೀಲ ಹಿಡಿದು ಕೂತಿರುತ್ತೇನೆ. ಯಾರಾದರೂ ಏಕೆಂದು ಕೇಳಿದರೆ ನಿಜವನ್ನೇ ಹೇಳುತ್ತೇನೆ.

ಕಂಡಕ್ಟರಮ್ಮನ ಅತ್ತೆ ಊರಿಗೆ ಹೊರಡಲು ಇನ್ನು ಹತ್ತು ವಾರವಿದೆ. ಶುರು ಮಾಡಿದರೆ ಅಷ್ಟರಲ್ಲಿ ಸುಧಾರಿಸಬಹುದು, ಶುರುವೇ ಮಾಡದಿದ್ದರೆ ಏನೂ ಆಗದು ಎಂದು ತಂಗಿಯ ಮಗಳು ಹೇಳುತ್ತಾಳೆ. ಈ ಶುಕ್ರವಾರ ಬೆಳಿಗ್ಗೆ ಏಳಕ್ಕೆ ನನ್ನ ಹೆಂಡತಿ ತಮ್ಮ ಬಾಗಿಲಲ್ಲಿ ಚೀಟಿ ಹಿಡಿದು ನಿಂತಿರುತ್ತಾಳೆ. ಆ ಕಾವಲುಗಾರ ಅವಳಿಗೆ ‘ಒಳಗೆ ಬನ್ನಿ ಅಮ್ಮ’ ಎನ್ನಬೇಕು. ಅಷ್ಟು ಮಾಡಿಸಿಕೊಡಿ.

ಇಂತಿ,
ಈ ಪತ್ರದಲ್ಲಿ ನಾಲ್ಕು ಕಡೆ ಜಂಬ ಕೊಚ್ಚಿ, ಹೆಂಡತಿ ಓದಿ ಮೂರನ್ನು ಹೊಡೆದುಹಾಕಿದ ಮೇಲೆ, ಅವಳಿಗೆ ಸಿಗದ ನಾಲ್ಕನೆಯದರ ಬಲದಿಂದ ಸಹಿ ಹಾಕುತ್ತಿರುವ,
ಶಟರ್ ಮಾವ